ಬಾಣಂತಿ ಬೆಕ್ಕು ಮತ್ತು ಚಿಗಟ

ಸಾಹಿತ್ಯ ವಿಮರ್ಶೆ, ಅರ್ಥಶಾಸ್ತ್ರ, ಪ್ರವಾಸ ಕಥನ ಮೊದಲಾದ ಗಂಭೀರ ಲೇಖನಗಳ ನಡುವೆ ಬೆಕ್ಕಿನ ಮರಿಯ ಚಿಗಟದ ವಿಚಾರ ಬಂದುದನ್ನು ಕಂಡು ಗೆಳೆಯರು ನಕ್ಕಾರು. ನಗಲಿ. ನಮ್ಮಲ್ಲಿ ಹೆಚ್ಚಿನವರು ಹಳ್ಳಿಯಿಂದ ಬಂದವರು. ಮೆಕ್ಕೆಜೋಳದ ಚೀಲಗಳನ್ನು ಅಟ್ಟಿದ ಮನೆಯಲ್ಲಿ ಇಲಿಯ ಕಾಟಕ್ಕೆ ಬೆಕ್ಕನ್ನು ಬಿಟ್ಟರೆ ಬೇರೆ ಕಾವಲಿಲ್ಲವೆಂಬುದು ಅವರಿಗೆ ತಿಳಿದೇ ಇದೆ. ಆ ಕಾವಲುಗಾರ್ತಿ ಈದಾಗ ನಾವು ಉಪಕಾರವೆಂದು ತಿಳಿದು ಮಾಡುವ ಕೆಲಸವೇ ಅವಳ ಪ್ರಾಣಕ್ಕೆ ಎರವಾಗಬಹುದೆಂಬುದನ್ನು ನಾನು ಕಣ್ಣಾರೆ ಕಂಡೆನು. ಆದಕಾರಣ ಈ ನಾಲ್ಕು ಮಾತು.

ಜಗಳೂರು ತಾಲ್ಲೂಕಿನ ಸೊಕ್ಕೆ ನಮ್ಮೂರು. ಕಳೆದ ವರ್ಷ ಕಾರ್ತಿಕ ಮಾಸದಲ್ಲಿ ನಮ್ಮ ಬೆಕ್ಕು ನಡುಮನೆಯ ಮೂಲೆಯಲ್ಲಿದ್ದ ಹಳೆಯ ಗೋಣಿಚೀಲಗಳ ಮೇಲೆ ನಾಲ್ಕು ಮರಿ ಹಾಕಿತು. ನಾಲ್ಕನೆಯ ದಿನ ನೋಡುತ್ತೇನೆ, ಮರಿಗಳ ಹೊಟ್ಟೆಯ ಮೇಲೂ ಕಿವಿಯ ಹಿಂದೆಯೂ ಮೆಣಸಿನ ಪುಡಿ ಉದುರಿಸಿದಂತೆ ಕರಿಯ ಕಣಗಳು. ಅವನ್ನು ಒದ್ದೆ ಕಾಗದದ ಮೇಲೆ ಒರೆಸಿದರೆ ಕೆಂಪಗೆ ಬಣ್ಣ ಬಿಟ್ಟುವು. ಅದು ಮಣ್ಣಲ್ಲ, ಚಿಗಟದ ಹಿಕ್ಕೆ. ಹಿಕ್ಕೆಯೆಂದರೂ ಅದು ಜೀರ್ಣವಾಗದೆ ಒಣಗಿದ ರಕ್ತವೇ.

ಅಜ್ಜಿ ದೂರದಿಂದಲೇ ನೋಡಿ, "ಚಿಗಟ ಬಿದ್ದ ಮನ್ಯಾಗೆ ಹುಡುಗ್ರು ಇರಬಾರದು, ಒಯ್ದು ಹೊಲದಾಗೆ ಬಿಟ್ಟು ಬಾ ತಮ್ಮಾ" ಎಂದರು. ಅವರ ಭಯಕ್ಕೆ ಕಾರಣವಿಲ್ಲದಿಲ್ಲ. ಪ್ಲೇಗಿನ ಕಾಲದಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕಥೆಯನ್ನು ಅವರು ತಮ್ಮ ಹಿರಿಯರಿಂದ ಕೇಳಿದವರು. ಇಲಿಯಿಂದ ಮನುಷ್ಯನಿಗೆ ಪ್ಲೇಗನ್ನು ದಾಟಿಸುವುದು ಚಿಗಟವೆಂದು ಫ್ರಾನ್ಸಿನ ವೈದ್ಯ ಸಿಮೋನ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದುದು 1898ರಲ್ಲಿ. ಮೈಸೂರು ಸಂಸ್ಥಾನಕ್ಕೆ ಆ ಮಾರಿ ಕಾಲಿಟ್ಟುದೂ ಅದೇ ವರ್ಷ. ಆದರೆ ಅದರಲ್ಲಿ ಮುಖ್ಯ ಪಾತ್ರ ಇಲಿಯ ಚಿಗಟದ್ದು. ಬೆಕ್ಕಿನ ಮೈಮೇಲೆ ಸಾಮಾನ್ಯವಾಗಿ ಇರುವುದು ಬೇರೊಂದು ಜಾತಿ. ಇಷ್ಟು ಹೇಳಿ ಅಜ್ಜಿಯನ್ನು ಒಪ್ಪಿಸಿದೆನು. ಒಪ್ಪಿಸಿದ ಜಂಬದಲ್ಲಿ ಮುಂದಿನ ತಪ್ಪನ್ನು ನಾನೇ ಮಾಡಿದೆನು.

ದನಗಳ ಉಣ್ಣೆಗೆ ನೀರಿನಲ್ಲಿ ಬೆರೆಸಿ ಬಳಿಯುವ ಔಷಧ ಮನೆಯಲ್ಲಿತ್ತು. ಎತ್ತಿಗೆ ಆಗುವುದು ಬೆಕ್ಕಿಗೆ ಆಗದೆ ಎಂದು ಅದನ್ನೇ ತಾಯಿಬೆಕ್ಕಿನ ಬೆನ್ನಿಗೆ ಸವರಿದೆನು. ಸಂಜೆಯ ಹೊತ್ತಿಗೆ ಅದರ ಕಿವಿ ಅದುರತೊಡಗಿತು. ರಾತ್ರಿ ಕಾಲುಗಳು ನಡುಗಿ ನಿಲ್ಲಲಾರದೆ ಹೋಯಿತು. ಬೆಳಗಿನ ಮೊದಲ ಬಸ್ಸಿಗೆ ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರ ಬಳಿಗೆ ಓಡಿದೆನು. "ಏನು ಹಚ್ಚಿದ್ದೀಯಪ್ಪ?" ಎಂಬುದೇ ಅವರ ಮೊದಲ ಪ್ರಶ್ನೆ. ನಾನು ಶೀಶೆಯನ್ನೂ ಒಯ್ದಿದ್ದುದು ಒಳ್ಳೆಯದಾಯಿತು.

ಆ ಜಾತಿಯ ಔಷಧಗಳಿಗೆ ಪೈರೆಥ್ರಾಯ್ಡ್ ಎಂದು ಹೆಸರು. ನಾಯಿಯ ಚಿಗಟಕ್ಕೆ ಮಾರುವ ಪರ್ಮೆಥ್ರಿನ್ ಆ ವಂಶದ್ದೇ. ಬೆಕ್ಕಿಗೆ ಅದು ಕಾಲಕೂಟ. ಹಲವು ವಿಷಗಳನ್ನು ನಿರಪಾಯ ಮಾಡಿ ಹೊರಗಟ್ಟಲು ಬೇರೆ ಪ್ರಾಣಿಗಳ ಪಿತ್ತಜನಕಾಂಗದಲ್ಲಿ ಇರುವ ಒಂದು ಏರ್ಪಾಡು ಬೆಕ್ಕಿನಲ್ಲಿ ಬಹಳ ದುರ್ಬಲ. ಸಾಲದುದಕ್ಕೆ ಬೆಕ್ಕು ದಿನವೆಲ್ಲ ಮೈ ನೆಕ್ಕಿಕೊಳ್ಳುವ ಪ್ರಾಣಿ. ಮೈಮೇಲೆ ಬಿದ್ದುದೆಲ್ಲ ಹೊಟ್ಟೆಗೆ ಹೋಗುತ್ತದೆ; ಬಾಣಂತಿಯಾದರೆ ಅವಳ ಮೈಗೆ ಒತ್ತಿಕೊಂಡ ಮರಿಗಳ ಬಾಯಿಗೂ ಹೋಗುತ್ತದೆ. ಸೀಮೆಎಣ್ಣೆ, ಫಿನೈಲು, ಕರ್ಪೂರ, ನುಸಿಗುಳಿಗೆ, ಜಿರಳೆಗೆ ಗೆರೆ ಎಳೆಯುವ ಸೀಮೆಸುಣ್ಣ, ಗಾಢವಾದ ಬೇವಿನೆಣ್ಣೆ, ಇವೆಲ್ಲವೂ ಈ ಲೆಕ್ಕಕ್ಕೇ ಸೇರಿದುವು. ಹಿಂದೆ ಮನೆಮನೆಗೂ ಎರಚುತ್ತಿದ್ದ ಗಮಾಕ್ಸಿನ್ ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಅಟ್ಟದ ಮೇಲೆ ಹಳೆಯ ಡಬ್ಬಿಯೇನಾದರೂ ಉಳಿದಿದ್ದರೆ ಅದರ ಗೊಡವೆಗೆ ಹೋಗಬಾರದು.

ವೈದ್ಯರು ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಬೆಕ್ಕಿನ ಮೈ ತೊಳೆದು, ನಡುಕ ನಿಲ್ಲಲು ಸೂಜಿಮದ್ದು ಕೊಟ್ಟರು. ಅದು ಬದುಕಿತು. ಒಂದು ಹಗಲು ಒಂದು ರಾತ್ರಿ ಅದನ್ನು ಮರಿಗಳಿಂದ ದೂರ ಇಟ್ಟು, ಮರಿಗಳಿಗೆಂದೇ ದೊರೆಯುವ ಹಾಲಿನ ಪುಡಿಯನ್ನು ದಾವಣಗೆರೆಯಿಂದ ತರಿಸಿ, ಎರಡು ಮೂರು ಗಂಟೆಗೊಮ್ಮೆ ಹನಿಹನಿಯಾಗಿ ಕುಡಿಸಿದೆವು. ಕುಡಿಸುವಾಗ ಮರಿ ಹೊಟ್ಟೆಯಡಿಯಾಗಿಯೇ ಇರಬೇಕು. ಮಗುವಿನಂತೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಇಳಿದೀತು. ಮೂರು ಮರಿ ಉಳಿದುವು. ಎಲ್ಲಕ್ಕಿಂತ ಸಣ್ಣದಾಗಿದ್ದ, ಒಸಡು ಬಿಳಿಚಿಕೊಂಡಿದ್ದ ಮರಿ ಎರಡನೆಯ ದಿನ ಸತ್ತಿತು.

ಆ ಮರಿಯನ್ನು ಕೊಂದುದು ನನ್ನ ಔಷಧವಲ್ಲ, ರಕ್ತಹೀನತೆ ಎಂದು ವೈದ್ಯರು ಹೇಳಿದರು. ಈ ಮಾತು ಸಮಾಧಾನಕ್ಕೆ ಆಡಿದುದೋ ಎಂದು ಮೊದಲು ಸಂಶಯಪಟ್ಟೆನು. ಲೆಕ್ಕ ಹಾಕಿದ ಮೇಲೆ ನಂಬಿಕೆಯಾಯಿತು. ಆಗ ತಾನೆ ಹುಟ್ಟಿದ ಮರಿಯ ತೂಕ ಸುಮಾರು 100 ಗ್ರಾಂ. ಅದರ ಮೈಯಲ್ಲಿರುವ ರಕ್ತ ಆರೇಳು ಮಿಲಿಲೀಟರು, ಎಂದರೆ ಒಂದೂಕಾಲು ಟೀ ಚಮಚೆ. 72 ಹೆಣ್ಣು ಚಿಗಟಗಳು ಕೂಡಿ ದಿನಕ್ಕೆ ಸುಮಾರು 1 ಮಿಲಿಲೀಟರು ರಕ್ತ ಕುಡಿಯುತ್ತವೆಂದು ಅಳೆದು ನೋಡಿದ್ದಾರೆ. ತಾಯಿಗೆ ಬರಿಯ ತುರಿಕೆಯಾಗಿರುವುದು ಮರಿಗೆ ಮೃತ್ಯುವಾಗುವ ಬಗೆ ಇದು. ಆದುದರಿಂದ, ದೊಡ್ಡದಾದ ಮೇಲೆ ನೋಡೋಣ ಎಂದು ಸುಮ್ಮನಿರುವುದೂ ಸರಿಯಲ್ಲ. ಒಸಡು ಬಿಳಿಚಿದ, ಮೈ ತಣ್ಣಗಾದ, ಹಾಲು ಕುಡಿಯದ ಮರಿಯನ್ನು ಅಂದೇ ವೈದ್ಯರಿಗೆ ತೋರಿಸಬೇಕು.

ಹಾಗಾದರೆ ಮಾಡತಕ್ಕದ್ದೇನು? ಮರಿಗಳಿಗೆ ಔಷಧವೆಂದರೆ ಹೇನು ತೆಗೆಯುವ ಸೀರಣಿಗೆ. ಹಲ್ಲು ಒತ್ತಾಗಿರುವುದನ್ನು ಆರಿಸಿ, ಪಕ್ಕದಲ್ಲಿ ಸೋಪು ಕಲಸಿದ ನೀರಿನ ಬಟ್ಟಲು ಇಟ್ಟುಕೊಂಡು ಮೆಲ್ಲಗೆ ಬಾಚಬೇಕು. ಬರಿಯ ನೀರಿನಲ್ಲಿ ಚಿಗಟ ತೇಲಿ ಹಾರಿಹೋಗುವುದುಂಟು. ಸೋಪಿನ ನೀರಿನಲ್ಲಿ ಮುಳುಗುತ್ತದೆ. ಉಗುರಿನಿಂದ ಕುಕ್ಕುವ ಚಟ ಬೇಡ. ಚಿಗಟ ವಿಪರೀತವಿದ್ದರೆ ಮಾತ್ರ, ಒಂದೊಂದೇ ಮರಿಯನ್ನು ಮಣಿಕಟ್ಟಿಗೆ ಹಿತವೆನಿಸುವ ಬೆಚ್ಚನೆಯ ನೀರಿನಲ್ಲಿ, ತಲೆಯನ್ನು ನೀರಿಗೆ ಮುಟ್ಟಿಸದೆ, ಒಂದು ಹನಿ ಸೌಮ್ಯವಾದ ಸೋಪಿನಿಂದ ತೊಳೆಯಬಹುದು. ಮೊದಲು ಕತ್ತಿನ ಸುತ್ತ ನೊರೆಯ ಪಟ್ಟಿ ಹಚ್ಚಿಕೊಳ್ಳಬೇಕು. ಇಲ್ಲವಾದರೆ ಚಿಗಟಗಳೆಲ್ಲ ಮುಖಕ್ಕೆ ಏರುತ್ತವೆ. ತೊಳೆದ ಕ್ಷಣವೇ ಒರಸಿ, ಬಟ್ಟೆ ಸುತ್ತಿದ ಬಿಸಿನೀರಿನ ಶೀಶೆಯ ಪಕ್ಕದಲ್ಲಿ ಬೆಚ್ಚಗೆ ಮಲಗಿಸಬೇಕು. ಮೊದಲ ವಾರದ ಮರಿಗೆ ಚಳಿಯಾದರೆ ನಡುಗುವ ಶಕ್ತಿಯೂ ಇರುವುದಿಲ್ಲ. ಚಿಗಟದಿಂದ ಉಳಿದು ಚಳಿಯಿಂದ ಸತ್ತ ಮರಿಗಳು ಎಷ್ಟೋ! ತಾಯಿಯನ್ನೂ ದಿನಕ್ಕೆ ಒಂದೆರಡು ಸಲ ಬಾಚಬೇಕು. ಹಾಲೂಡಿಸುವ ಬೆಕ್ಕಿಗೂ ಹಾಕಬಹುದಾದ ಸೆಲಾಮೆಕ್ಟಿನ್ ಎಂಬ ಔಷಧವುಂಟು; ಅದನ್ನು ತೂಕ ನೋಡಿ ವೈದ್ಯರೇ ಹೇಳಬೇಕು. ನೈಟೆನ್‌ಪೈರಾಮ್ ಮಾತ್ರೆ ನಾಲ್ಕು ವಾರ ತುಂಬಿ, ಸುಮಾರು 900 ಗ್ರಾಂ ತೂಗುವ ಮರಿಗಳಿಗೆ ಮಾತ್ರ.

ಇಷ್ಟೆಲ್ಲ ಮಾಡಿದರೂ ಕೆಲಸ ಅರ್ಧವಷ್ಟೆ. ಬೆಕ್ಕಿನ ಮೇಲೆ ಕಾಣುವುದು ಚಿಗಟದ ಸಂಸಾರದ ಸಣ್ಣದೊಂದು ಪಾಲು. ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆಯವರೆಗೂ ಇಡಬಲ್ಲದು. ಮೊಟ್ಟೆ ಕೂದಲಿಗೆ ಅಂಟದೆ ಜಾರಿ ಹಾಸಿಗೆಗೆ ಬೀಳುತ್ತದೆ. ಮರಿಹುಳು ಬೆಳಕಿಗೆ ಅಂಜಿ ಚೀಲದ ಅಡಿ, ನೆಲದ ಬಿರುಕು ಸೇರಿ, ಅಲ್ಲಿ ಉದುರಿದ ಆ ಕರಿಯ ಹಿಕ್ಕೆಯನ್ನೇ ತಿಂದು ಬೆಳೆದು ಗೂಡು ಕಟ್ಟುತ್ತದೆ. ಗೂಡಿನೊಳಗೆ ತಿಂಗಳುಗಟ್ಟಲೆ ಕಾದಿರಬಲ್ಲದು. ಕಾಲಿನ ಸಪ್ಪಳವೋ ಮೈಯ ಕಾವೋ ಸೋಕಿದೊಡನೆ ಹೊರಬೀಳುತ್ತದೆ. ಬಹುಕಾಲ ಬೀಗ ಹಾಕಿದ್ದ ಮನೆಗೆ ಕಾಲಿಟ್ಟಾಗ ಚಿಗಟ ಮುತ್ತುವುದು ಇದರಿಂದಲೇ. ನಮ್ಮ ಸೀಮೆ ಬಯಲುಸೀಮೆ, ಒಣನೆಲ. ಅಂಗಳದ ಬಿಸಿಲಿನಲ್ಲಿ ಮರಿಹುಳು ಉಳಿಯಲಾರದು. ಆದರೆ ನಡುಮನೆಯ ಕತ್ತಲೆಯಲ್ಲಿ ಗೋಣಿಯಡಿಯ ತಂಪು ಅದಕ್ಕೆ ಹೇಳಿ ಮಾಡಿಸಿದಂತಿರುತ್ತದೆ.

ನಾವು ಆ ಗೋಣಿಗಳನ್ನು ಸುಟ್ಟೆವು. ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಿಳಿ ಪಂಚೆಯ ಮೇಲೆ ಇಟ್ಟೆವು. ಬಿಳಿಯದಾದರೆ ಕರಿಯ ಕಣ ಕೂಡಲೆ ಕಾಣುತ್ತದೆ. ಪಂಚೆಯ ತುಂಡುಗಳನ್ನು ದಿನವೂ ಬದಲಿಸಿ, ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕುತ್ತಿದ್ದೆವು. ಅಜ್ಜಿಯೇ ಮುಂದಾಗಿ ನೆಲದ ಬಿರುಕುಗಳಿಗೆ ಮಣ್ಣು ಮೆತ್ತಿ ಸಾರಿಸಿದರು. ಮೊದಲ ದಿನ ಬಟ್ಟಲಿನಲ್ಲಿ ಎಣಿಸಿದ ಚಿಗಟ 31. ಎರಡು ವಾರಕ್ಕೆ ನಾಲ್ಕೈದಕ್ಕೆ ಇಳಿದು, ಗೂಡುಗಳು ಒಡೆದವೋ ಏನೋ, ಮತ್ತೆ ಹತ್ತಕ್ಕೆ ಏರಿತು. ಬೇಸರಪಡದೆ ಬಾಚಿದೆವು. ಆರನೆಯ ವಾರ ಬಟ್ಟಲು ಬರಿದಾಗಿತ್ತು. ಸೀರಣಿಗೆ ಅಜ್ಜಿಯದು, ಕುದಿನೀರಿನಲ್ಲಿ ತೊಳೆದು ಕೊಡಹೋದರೆ ಅವರು ಕೈಯಿಂದ ಮುಟ್ಟಲಿಲ್ಲ. ಜಗಳೂರಿನಿಂದ ಹೊಸದೊಂದನ್ನು ತಂದುಕೊಟ್ಟೆನು.