ಕಪ್ಪಾದ ಎಣ್ಣೆಯೆಲ್ಲ ಕೆಟ್ಟ ಎಣ್ಣೆಯಲ್ಲ

ತಾಳವಾಡಿ ಸೀಮೆಯಿಂದ ಕೋಸು, ಟೊಮೇಟೊಗಳನ್ನು ಹೇರಿಕೊಂಡು ಸತ್ಯಮಂಗಲದತ್ತ ಹೊರಡುವ ಲಾರಿಗಳು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಮರಳುವಾಗ ಗೊಬ್ಬರ, ಸಿಮೆಂಟುಗಳನ್ನು ಹೊತ್ತು ಬಣ್ಣಾರಿಯಿಂದ ಅದೇ ತಿರುವುಗಳನ್ನು ಏರಬೇಕು. ಒಂದೇ ಒಂದು ಲಾರಿಯನ್ನು ನಂಬಿ ಬಾಳುವ ಸಂಸಾರಗಳು ನಮ್ಮ ಊರುಗಳಲ್ಲಿ ಹಲವಿವೆ. ಸಾಲದ ಕಂತು, ಮಕ್ಕಳ ಓದು, ಮದುವೆಯ ಖರ್ಚು ಎಲ್ಲವೂ ಅದರ ಇಂಜಿನ್ನನ್ನು ಅವಲಂಬಿಸಿರುತ್ತವೆ. ಇಂಜಿನ್ನಾದರೋ ಚೇಂಬರಿನಲ್ಲಿರುವ ಹದಿನೈದಿಪ್ಪತ್ತು ಲೀಟರು ಎಣ್ಣೆಯನ್ನು ಅವಲಂಬಿಸಿರುತ್ತದೆ.

ಅಂತಹ ಸಂಸಾರವೊಂದು ನಮಗೆ ಪರಿಚಿತ. ಮನೆಯ ಮಗ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ. ಈಗ ತಂದೆಯೊಡನೆ ಲಾರಿಯನ್ನು ನೋಡಿಕೊಳ್ಳುತ್ತಾನೆ. ಒಂದು ದಿನ ಆ ತಂದೆ ಕೈಬೆರಳನ್ನು ತೋರಿಸುತ್ತ ಶಾಲೆಯ ಗೇಟಿನ ಬಳಿ ನಿಂತರು. “ನೋಡಿ ಮೇಷ್ಟ್ರೇ, ಆಯಿಲ್ ಹಾಕಿಸಿ ಇನ್ನೂ ವಾರವಾಗಿಲ್ಲ, ಆಗಲೇ ಇದ್ದಿಲಿನಂತಾಗಿದೆ. ಅಂಗಡಿಯವನು ಕಲಬೆರಕೆ ಮಾಲು ಕೊಟ್ಟ” ಎಂದು ನೊಂದುಕೊಂಡರು. ಎಣ್ಣೆಯನ್ನು ಚೆಲ್ಲಿಸಿ ಮತ್ತೆ ಹೊಸದನ್ನು ತುಂಬಿಸಿದರು. ಅದೂ ವಾರದೊಳಗೆ ಕಪ್ಪಾಯಿತು.

ಡೀಸೆಲ್ ಉರಿಯುವಾಗ ಮಸಿ ಹುಟ್ಟುವುದು ಸಹಜ. ಆ ಮಸಿ ಲೋಹಕ್ಕೆ ಅಂಟಿ ಗಟ್ಟಿಯಾಗದಂತೆ, ಕಣಕಣವಾಗಿ ತನ್ನಲ್ಲಿಯೇ ತೇಲಿಸಿಕೊಂಡಿರುವ ರಾಸಾಯನಿಕಗಳನ್ನು ಇಂಜಿನ್ ಎಣ್ಣೆಗೆ ಬೆರೆಸಿರುತ್ತಾರೆ. ಬಟ್ಟೆ ಒಗೆದ ನೀರು ಕೊಳಕಾದರೆ ನಾವು ಸಾಬೂನನ್ನು ದೂರುವುದುಂಟೇ? ಡೀಸೆಲ್ ಇಂಜಿನ್ನಿನ ಎಣ್ಣೆ ಬೇಗನೆ ಕಪ್ಪಾಗುವುದೂ ಅಂತಹುದೇ. ಬಣ್ಣವೊಂದನ್ನೇ ನೋಡಿ ಎಣ್ಣೆ ಬದಲಿಸುವವರು ಹಣವನ್ನು ಚೆಲ್ಲುತ್ತಾರೆ.

ಅದು ಹಣದ ನಷ್ಟವಷ್ಟೇ. ಮುಂದಿನದು ಹಾಗಲ್ಲ. ಕೆಲವು ತಿಂಗಳ ಬಳಿಕ ಅದೇ ತಂದೆ ನಗುಮುಖದಿಂದ ಬಂದು, “ಈ ಸಲ ಎಣ್ಣೆ ಒಂದಿಷ್ಟೂ ಇಳಿದಿಲ್ಲ ಮೇಷ್ಟ್ರೇ, ಮೇಲಿನ ಗೆರೆಯನ್ನೂ ದಾಟಿದೆ” ಎಂದರು. ಮಕ್ಕಳಿಗೆ ವರ್ಷಗಟ್ಟಲೆ ವಿಜ್ಞಾನ ಬೋಧಿಸಿದ ನಮಗೂ, ಹಾಕದ ಎಣ್ಣೆ ಹೆಚ್ಚುವುದು ಹೇಗೆಂದು ಕೇಳಬೇಕೆನಿಸಲಿಲ್ಲ. ಒಳಗೆ ನಾಜಲ್ ಒಂದು ಸೋರುತ್ತಿತ್ತು. ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯಿಂದಿಳಿದು ಎಣ್ಣೆಗೆ ಸೇರುತ್ತಿತ್ತು. ಹೀಗೆ ನೀರಾದ ಎಣ್ಣೆ ಬೇರಿಂಗುಗಳ ನಡುವೆ ನಿಲ್ಲದು. ಗೊಬ್ಬರ ಹೊತ್ತು ಘಟ್ಟವೇರುತ್ತಿದ್ದ ಲಾರಿ ನಡುದಾರಿಯಲ್ಲಿ ಕಟಕಟನೆ ಸದ್ದು ಮಾಡಿ ನಿಂತಿತು. ಬೇರಿಂಗುಗಳು ಸವೆದು ಕ್ರ್ಯಾಂಕ್ ಶಾಫ್ಟಿಗೂ ಗೀರು ಬಿದ್ದಿತ್ತು. ಲಾರಿ ಎರಡು ತಿಂಗಳು ಶೆಡ್ಡಿನಲ್ಲಿತ್ತು. ಮನೆಯಾಕೆಯ ಬಳೆಗಳು ಬ್ಯಾಂಕಿಗೆ ಹೋದವು.

ಆದ್ದರಿಂದ ಕಡ್ಡಿಯನ್ನು ನೋಡುವ ಕ್ರಮವನ್ನು ಅರಿಯಬೇಕು. ಲಾರಿ ಸಮನೆಲದಲ್ಲಿರಲಿ, ಇಂಜಿನ್ ನಿಲ್ಲಿಸಿ, ಎಣ್ಣೆ ಕೆಳಗಿಳಿಯಲು ಕೆಲವು ನಿಮಿಷ ಬಿಟ್ಟು, ಕಡ್ಡಿಯನ್ನು ಒರೆಸಿ ಮತ್ತೆ ಅದ್ದಿ ನೋಡಬೇಕು. ಮಟ್ಟ ಇಳಿದಿದ್ದರೆ ತುಂಬಬಹುದು. ಏರಿದ್ದರೆ ಲಾರಿಯನ್ನು ಹೊರಡಿಸಲೇಬಾರದು. ಮೂಸಿದಾಗ ಡೀಸೆಲ್ ವಾಸನೆಯಿದ್ದರೆ ನಾಜಲ್ ಅಥವಾ ಪಂಪಿನ ದೋಷ. ಎಣ್ಣೆ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರನ್ನು ಬಿಚ್ಚಿ ನೋಡದೆ ಬರಿದೇ ಎಣ್ಣೆ ಬದಲಿಸಿ ಪ್ರಯೋಜನವಿಲ್ಲ. ಬೆರಳುಗಳ ನಡುವೆ ಉಜ್ಜಿದಾಗ ಮರಳಿನಂತೆ ಒತ್ತಿದರೆ ಧೂಳೋ ಲೋಹದ ಪುಡಿಯೋ ಇದೆ. ಬರಿಯ ಮಸಿ ಹಾಗೆ ಒತ್ತದು. ಕಾದ ಇಂಜಿನ್ ನಿಧಾನಗತಿಯಲ್ಲಿದ್ದಾಗ ಪ್ರೆಷರ್ ಮುಳ್ಳು ಎಂದಿಗಿಂತ ಕೆಳಗೆ ಬಿದ್ದರೂ ಎಚ್ಚರಗೊಳ್ಳಬೇಕು.

ಇವಾವುವೂ ಇಲ್ಲದೆ ಎಣ್ಣೆ ಬರಿದೇ ಕಪ್ಪಗಿದ್ದರೆ? ಇಲ್ಲಿ ನಮ್ಮ ಶಾಲೆಯ ಬೀರು ಉಪಯೋಗಕ್ಕೆ ಬಂದಿತು. ಶಾಯಿಪೆನ್ನುಗಳ ಕಾಲದ ಮಸಿಹೀರುವ ಕಾಗದ ಇನ್ನೂ ಅಲ್ಲಿತ್ತು. ಅದನ್ನು ಲೋಟದ ಬಾಯಿಯ ಮೇಲೆ ಹಾಸಿ, ಬಿಸಿಯಾದ ಇಂಜಿನ್ನಿನಿಂದ ಕಡ್ಡಿಯ ತುದಿಯ ಒಂದು ಹನಿಯನ್ನು ಬಿಟ್ಟು ಒಂದು ರಾತ್ರಿ ಇರಿಸಬೇಕು. ಮಸಿ ನಡುವಿನಿಂದ ಅಂಚಿನವರೆಗೆ ಹದವಾಗಿ ಹರಡಿದ್ದರೆ ಎಣ್ಣೆಗಿನ್ನೂ ಕಸುವಿದೆ. ನಡುವೆ ದಟ್ಟ ಕಪ್ಪು ಬೊಟ್ಟು ನಿಂತು, ಸುತ್ತಲೂ ಬರಿಯ ಜಿಡ್ಡಿನ ವೃತ್ತ ಹರಡಿದ್ದರೆ ಮಸಿಯನ್ನು ಹೊರುವ ಶಕ್ತಿ ಮುಗಿದಿದೆ. ಎಣ್ಣೆಯನ್ನೂ ಫಿಲ್ಟರನ್ನೂ ಒಟ್ಟಿಗೆ ಬದಲಿಸಬೇಕು. ಹೊರ ಅಂಚಿನ ಹಳದಿ ಬಳೆ ಡೀಸೆಲ್ಲಿನ ಸೂಚನೆಯಿರಬಹುದು. ಇದು ಪ್ರಯೋಗಶಾಲೆಗೆ ಸಮನಲ್ಲ, ಆದರೆ ಬರಿಗಣ್ಣಿನ ಊಹೆಗಿಂತ ಮೇಲು.

ಕಾಗದದ ಬೊಟ್ಟು ಚೆನ್ನಾಗಿದೆಯೆಂದು ತಯಾರಕರ ಪುಸ್ತಕದ ಗಡುವನ್ನು ಮೀರಬಾರದು. ಆ ಗಡುವು ಸಹ ಬಯಲು ದಾರಿಯದೋ ಕಠಿಣ ದಾರಿಯದೋ ಎಂಬುದನ್ನು ನೋಡಬೇಕು. ಕೆಳ ಗೇರಿನಲ್ಲಿ ಘಟ್ಟವೇರುವ ಇಂಜಿನ್ ಬಹಳ ದುಡಿಯುತ್ತದೆ, ಮೀಟರು ಕೆಲವೇ ಕಿಲೋಮೀಟರು ತೋರಿಸುತ್ತದೆ. 2022ರ ಫೆಬ್ರವರಿಯಲ್ಲಿ ಘಟ್ಟದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ ಸಾಲಿನಲ್ಲಿ ಕಾಯುವುದೂ ಸೇರಿತು. ಆಗ ಇಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟರೆ ಆ ಗಂಟೆಗಳು ಕಿಲೋಮೀಟರಿನ ಲೆಕ್ಕದಲ್ಲಿ ಕಾಣವು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರೂ ಇರುವುದರಿಂದ, ಪುಸ್ತಕದಲ್ಲಿ ಹೇಳಿದ ಕಡಿಮೆ ಬೂದಿಯ ಎಣ್ಣೆಯನ್ನಲ್ಲದೆ ಹಳೆಯ ಡಬ್ಬಿಯದನ್ನು ಅವಕ್ಕೆ ಸುರಿಯಬಾರದು.

ತೆಗೆದ ಎಣ್ಣೆಯನ್ನು ಬೇಲಿಯ ಕಂಬಕ್ಕೆ, ಎತ್ತಿನ ಹುಣ್ಣಿಗೆ ಬಳಿಯುವ ಪದ್ಧತಿಯನ್ನು ನಾವು ಕಂಡಿದ್ದೇವೆ. ಅದು ಚರ್ಮಕ್ಕೂ ಬಾವಿಯ ನೀರಿಗೂ ವಿಷ. ಡಬ್ಬಿಯಲ್ಲಿ ತುಂಬಿ, ಹಳೆ ಎಣ್ಣೆ ಕೊಳ್ಳಲು ಪರವಾನಗಿಯುಳ್ಳವರಿಗೇ ಕೊಡುವುದು ಲೇಸು.

ಆ ಮನೆಯಲ್ಲಿ ಈಗ ಒಂದು ನೋಟುಪುಸ್ತಕವಿದೆ. ಮಗ ತಂದ ಕಾಗದದ ಬೊಟ್ಟುಗಳನ್ನು ತಾಯಿ ಅದರಲ್ಲಿ ಅಂಟಿಸಿ, ಕೆಳಗೆ ತಾರೀಖನ್ನೂ ಮೀಟರಿನ ಅಂಕಿಯನ್ನೂ ಬರೆಯುತ್ತಾರೆ. ಕಳೆದ ತಿಂಗಳ ಬೊಟ್ಟಿನ ಅಂಚಿನಲ್ಲಿ ಹಳದಿ ಕಂಡಿತಂತೆ. ಕೋಸಿನ ಮೂಟೆಗಳು ಹೊಲದಲ್ಲಿ ಕಾಯುತ್ತಿದ್ದರೂ ಆಕೆ ಹೇರಲು ಬಿಡಲಿಲ್ಲ. ಬಾಡಿಗೆ ಬೇರೆಯವರ ಲಾರಿಗೆ ಹೋಯಿತು. ನಾಜಲ್ ಬಿಚ್ಚಲು ಊರಿಗೇ ಮೆಕ್ಯಾನಿಕ್ ಬಂದ.