ಬರೆದವರು ಯಾರು? ಓದು ಬಳಗಕ್ಕೆ ಮೂರು ಸಂಜೆ

ಷೇಕ್ಸ್‌ಪಿಯರನ ನಾಟಕಗಳನ್ನು ನಿಜಕ್ಕೂ ಅವನೇ ಬರೆದನೇ? ಈ ವಿಷಯ ಇಟ್ಟುಕೊಂಡು ಕಾರ್ಯಕ್ರಮ ಮಾಡಬೇಕೆಂದಿರುವ ಓದು ಬಳಗಗಳಿಗೆ ನನ್ನ ಸಲಹೆ: ಮೊದಲು ನಮ್ಮ ಮನೆಯ ಪ್ರಶ್ನೆಯನ್ನೇ ಎತ್ತಿಕೊಳ್ಳಿ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ, 9ನೇ ಶತಮಾನದ ‘ಕವಿರಾಜಮಾರ್ಗ’. ಅದನ್ನು ಬರೆದದ್ದು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನೋ, ಅವನ ಆಸ್ಥಾನದ ಶ್ರೀವಿಜಯನೋ? ಚಂದ್ರಾ ಲೇಔಟ್‌ನ ಒಂದು ಮನೆಯ ಹಜಾರದಲ್ಲಿ ಹತ್ತು ಜನ ಕೂತರೆ ಸಾಕು, ಶುರು ಮಾಡಬಹುದು.

ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ ಮೂರು ಅಂಕಣ ಎಳೆಯಿರಿ: ಗ್ರಂಥದ ಮಾತು, ಇತರರ ಸಾಕ್ಷಿ, ನಮ್ಮ ಊಹೆ. ಯಾರು ಏನೇ ಹೇಳಿದರೂ ಅದು ಯಾವ ಅಂಕಣಕ್ಕೆ ಸೇರುತ್ತದೆಂದು ಅವರೇ ಹೇಳಬೇಕು.

ಮೊದಲ ಸಂಜೆ: ಗ್ರಂಥದ ಮಾತು

ಗ್ರಂಥದಲ್ಲಿ ಮೂರು ಪರಿಚ್ಛೇದಗಳಿವೆ. ಅವುಗಳ ಕೊನೆಯ ಸಾಲುಗಳನ್ನು ಗಟ್ಟಿಯಾಗಿ ಓದಿಸಿ. ಅಲ್ಲಿ ‘ನೃಪತುಂಗದೇವಾನುಮತ’ ಎಂಬ ಪದ ಸಿಗುತ್ತದೆ. ಅದನ್ನು ಬಿಡಿಸಿ: ನೃಪತುಂಗದೇವ, ಅನುಮತ. ಅನುಮತ ಎಂದರೆ ಒಪ್ಪಿದ್ದು. ದೊರೆ ಒಪ್ಪಿದನೆಂದರೆ ಬರೆದವನು ಬೇರೊಬ್ಬನಿರಬೇಕು ಎಂದು ಕೆಲವರು ವಾದಿಸುತ್ತಾರೆ. ಬರವಣಿಗೆ ಯಾರದಾದರೂ ವಿಚಾರ ದೊರೆಯದೇ ಎನ್ನುವವರಿಗೂ ಅಷ್ಟೇ ಸಮಯ ಕೊಡಿ. ಪದ ಮೊದಲ ಅಂಕಣಕ್ಕೆ, ಎರಡೂ ವಾದ ಮೂರನೆಯದಕ್ಕೆ.

ಎರಡನೆಯ ಸಂಜೆ: ಇತರರ ಸಾಕ್ಷಿ

11ನೇ ಶತಮಾನದ ದುರ್ಗಸಿಂಹ ತನ್ನ ‘ಪಂಚತಂತ್ರ’ದಲ್ಲಿ ಶ್ರೀವಿಜಯನ ‘ಕವಿಮಾರ್ಗ’ವನ್ನು ಹೊಗಳಿದ್ದಾನೆ. ಅದು ಇದೇ ಗ್ರಂಥವೇ? ಚರ್ಚೆಗೆ ಬಿಡಿ. 1898ರಲ್ಲಿ ಕೆ.ಬಿ. ಪಾಠಕ್ ಇದನ್ನು ನೃಪತುಂಗನ ಕೃತಿಯೆಂದು ಅಚ್ಚು ಹಾಕಿಸಿದರು, ಮುಂದೆ ಎಂ.ವಿ. ಸೀತಾರಾಮಯ್ಯನವರು ಶ್ರೀವಿಜಯನದೆಂದು ಸಂಪಾದಿಸಿದರು. ಎರಡೂ ಆವೃತ್ತಿಗಳ ಮುನ್ನುಡಿಯನ್ನು ಇಬ್ಬರು ಓದಿಕೊಂಡು ಬರಲಿ. ಪುಸ್ತಕಕ್ಕಾಗಿ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ವಿಚಾರಿಸಬಹುದು.

ಮೂರನೆಯ ಸಂಜೆ: ಷೇಕ್ಸ್‌ಪಿಯರ್

ಈಗ ಅದೇ ಮೂರು ಅಂಕಣದ ಹೊಸ ಹಾಳೆ ತೂಗುಹಾಕಿ. ಷೇಕ್ಸ್‌ಪಿಯರ್ ತೀರಿಕೊಂಡದ್ದು 1616ರಲ್ಲಿ. 1623ರಲ್ಲಿ ಅವನ ಜೊತೆ ನಟರಾದ ಹೆಮಿಂಜಸ್ ಮತ್ತು ಕಾಂಡೆಲ್ 36 ನಾಟಕಗಳನ್ನು ಅವನ ಹೆಸರಿನಲ್ಲೇ ಒಟ್ಟುಗೂಡಿಸಿದರು. ಇದು ಎರಡನೆಯ ಅಂಕಣ. ನಾಟಕಕಾರ ಎಡ್ವರ್ಡ್ ಡಿ ವೇರ್ ಎಂಬ ಶ್ರೀಮಂತ ಎಂದು 1920ರಲ್ಲಿ ಲೂನಿ ಎಂಬವರು ವಾದಿಸಿದ್ದು ಮೂರನೆಯದು. ಡಿ ವೇರ್ 1604ರಲ್ಲೇ ತೀರಿಕೊಂಡಿದ್ದ. ‘ದಿ ಟೆಂಪೆಸ್ಟ್’ ಅರಮನೆಯಲ್ಲಿ ಆಡಿದ ದಾಖಲೆ 1611ರದು. ಈ ಎರಡು ಇಸವಿಗಳನ್ನು ಒಂದರ ಕೆಳಗೊಂದು ಬರೆದರೆ ಆ ಊಹೆ ಎಷ್ಟು ಭಾರ ಹೊತ್ತಿದೆ ಎಂಬುದು ಎಲ್ಲರಿಗೂ ಕಾಣುತ್ತದೆ.

ಕೊನೆಗೆ ಕೈ ಎತ್ತಿಸಿ ಮತ ಎಣಿಸಬೇಡಿ. ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಓದಿ. ಒಂದೇ ಒಂದು ಪದವನ್ನು ಬಿಡಿಸಿ ಕೂತವರು ಮುಂದೆ ಯಾವ ಪುಸ್ತಕವನ್ನೂ ಅವಸರದಲ್ಲಿ ಓದಲಾರರು.