ಒಡೆಯಲೆಂದೇ ಮಾಡಿದ ಹೆಲ್ಮೆಟ್: ಘರ್ಷಣೆ ಪಾಠದ ಒಂದು ಅನುಭವ

ಎಂಟನೇ ತರಗತಿಯ ‘ಘರ್ಷಣೆ’ ಪಾಠದ ಕೊನೆಗೆ ಗಾಳಿ, ನೀರುಗಳ ಘರ್ಷಣೆಯ ಬಗ್ಗೆ ಒಂದು ಸಣ್ಣ ಭಾಗವಿದೆ. ಹಕ್ಕಿ, ಮೀನು, ವಿಮಾನದ ಆಕಾರ ತೋರಿಸಿ ಐದು ನಿಮಿಷದಲ್ಲಿ ಮುಗಿಸುವುದು ರೂಢಿ. ಶಹಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಅಭ್ಯಾಸ ಬೋಧನೆಗೆ ಹೋದಾಗ ನಾನು ಆ ಭಾಗಕ್ಕೇ ಒಂದು ಪೂರ್ಣ ಅವಧಿ ಇಟ್ಟುಕೊಂಡೆ. ವಿಜಯಪುರದಲ್ಲಿ ಸೈಕ್ಲಿಂಗ್ ತರಬೇತಿ ಪಡೆಯುತ್ತಿರುವ ನಮ್ಮ ಸಂಬಂಧಿಕರ ಹುಡುಗ ತನ್ನ ಟೈಮ್ ಟ್ರಯಲ್ ಹೆಲ್ಮೆಟ್ಟನ್ನು ಎರಡು ದಿನಕ್ಕೆ ಕೊಟ್ಟಿದ್ದ. ಅದು ಅವನ ಕೈಗೆ ಬಂದದ್ದು ಹಿರಿಯ ಸೈಕ್ಲಿಸ್ಟರಿಂದ; ಅವನು ಮೂರನೆಯ ಒಡೆಯ.

ಟೈಮ್ ಟ್ರಯಲ್ ಎಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಸ್ಪರ್ಧೆ. ಗಾಳಿ ತಡೆಯಲು ಮುಂದೆ ಮತ್ತೊಬ್ಬ ಸವಾರ ಇರುವುದಿಲ್ಲ. ಗಾಳಿಯ ತಡೆಬಲ ವೇಗದ ವರ್ಗದಂತೆ ಏರುತ್ತದೆ. ನಮ್ಮ ಬೇಸಿಗೆಯ ಬಿಸಿ ಗಾಳಿಯ ಸಾಂದ್ರತೆಯನ್ನು ಘನಮೀಟರಿಗೆ 1.1 ಕಿಲೋಗ್ರಾಂ ಎಂದೂ, ಬಾಗಿ ಕುಳಿತ ಸವಾರನ ಮುಖವಿಸ್ತೀರ್ಣ ಮತ್ತು ಆಕಾರದ ಗುಣಕಗಳ ಗುಣಲಬ್ಧವನ್ನು 0.3 ಚದರ ಮೀಟರ್ ಎಂದೂ ಹಿಡಿದರೆ, ಗಂಟೆಗೆ 20 ಕಿ.ಮೀ. ವೇಗದಲ್ಲಿ ತಡೆ ಸುಮಾರು 5 ನ್ಯೂಟನ್, 40 ಕಿ.ಮೀ.ಗೆ 20 ನ್ಯೂಟನ್. ಅದನ್ನು ಮೀರಲು ಬೇಕಾದ ಸಾಮರ್ಥ್ಯ 28 ವ್ಯಾಟ್‌ನಿಂದ 226 ವ್ಯಾಟ್‌ಗೆ, ಅಂದರೆ ಎಂಟು ಪಟ್ಟು ಜಿಗಿಯುತ್ತದೆ. ಸೂತ್ರ ಬರೆದಾಗ ಸುಮ್ಮನೆ ಕುಳಿತಿದ್ದ ಮಕ್ಕಳು ಆಷಾಢದ ಎದುರುಗಾಳಿಯ ಮಾತು ಬಂದಾಗ ಎಚ್ಚೆತ್ತರು. 20ರ ವೇಗದಲ್ಲಿ ಹೋಗುವವರಿಗೆ 20ರ ವೇಗದ ಗಾಳಿ ಎದುರಾದರೆ ತಡೆಬಲ 40ಕ್ಕೆ ಸಮ. ಸೈಕಲ್ ಮೇಲೆ ಶಾಲೆಗೆ ಬರುವ ಮಗುವಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅದಕ್ಕೊಂದು ಲೆಕ್ಕ ಕೊಟ್ಟರೆ ಸಾಕು.

ಹೆಲ್ಮೆಟ್ಟಿನ ಬಾಲದ ಕೆಲಸಕ್ಕೆ ಮೇಣದಬತ್ತಿಯ ಪ್ರಯೋಗ ಮಾಡಿದೆವು. ನೇರ ರಟ್ಟಿನ ಹಿಂದೆ ಉರಿಯುವ ಬತ್ತಿಯಿಟ್ಟು ಮುಂದಿನಿಂದ ಊದಿದರೆ ಜ್ವಾಲೆ ಊದುವವರ ಕಡೆಗೇ ಬಾಗುತ್ತದೆ, ಏಕೆಂದರೆ ರಟ್ಟಿನ ಹಿಂದೆ ಒತ್ತಡ ಕುಸಿದು ಗಾಳಿ ಸುಳಿಯಾಗಿ ಹಿಂತಿರುಗುತ್ತದೆ. ಅದೇ ರಟ್ಟನ್ನು ಮುಂದೆ ದುಂಡಗೆ, ಹಿಂದೆ ಚೂಪಾಗಿ ನೀರಹನಿಯಂತೆ ಮಡಚಿದರೆ ಜ್ವಾಲೆ ಆಚೆ ಬಾಗುತ್ತದೆ. ಕೃಷ್ಣೆಯ ಮೀನಿಗೂ ಈ ಹೆಲ್ಮೆಟ್ಟಿಗೂ ಇರುವ ಹೋಲಿಕೆ ಇದೇ. ಆದರೆ ದಣಿದ ಸವಾರ ತಲೆ ಕೆಳಗೆ ಹಾಕಿದರೆ ಉದ್ದ ಬಾಲ ಮೇಲೆದ್ದು ಗಾಳಿಗೆ ಅಡ್ಡವಾಗುತ್ತದೆ. ಅದಕ್ಕೇ ಈಚಿನ ವಿನ್ಯಾಸಗಳಲ್ಲಿ ಗಿಡ್ಡ ಬಾಲ ಹೆಚ್ಚು ಕಾಣುತ್ತದೆ. ಗಾಳಿಕಿಂಡಿಗಳೂ ಕಡಿಮೆ, ನಮ್ಮ ಸಗರನಾಡಿನ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡು ಒಂದು ತಾಸು ಓಡಿಸುವುದು ಸುಲಭವಲ್ಲ.

ಉದಾಹರಣೆಗೆ 1989ರ ಟೂರ್ ದ ಫ್ರಾನ್ಸ್ ಹೇಳಿದೆ. ಕೊನೆಯ ದಿನ ವರ್ಸೈಯಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್. 50 ಸೆಕೆಂಡ್ ಹಿಂದಿದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಬಾಲವುಳ್ಳ ಹೆಲ್ಮೆಟ್ ಧರಿಸಿ, ಮುಂದಕ್ಕೆ ಚಾಚಿದ ಹ್ಯಾಂಡಲ್ ಹಿಡಿದು ಓಡಿಸಿದ. ಫ್ರಾನ್ಸಿನ ಲಾರೆಂ ಫಿನ್ಯೋಂ ಬರಿದಲೆಯಲ್ಲಿದ್ದ, ಕೂದಲು ಜುಟ್ಟು ಕಟ್ಟಿಕೊಂಡಿದ್ದ. ಲೆಮಾಂಡ್ ಇಡೀ ಟೂರ್ ಗೆದ್ದದ್ದು 8 ಸೆಕೆಂಡಿನಿಂದ. ಎಲ್ಲ ಶ್ರೇಯವನ್ನೂ ಹೆಲ್ಮೆಟ್ಟಿಗೆ ಕೊಡುವುದು ತಪ್ಪು. ಆ ಹ್ಯಾಂಡಲ್ಲಿನಿಂದ ಬಂದ ಭಂಗಿಯ ಪಾಲು ದೊಡ್ಡದು.

ಹಿಂದಿನ ಇಂಥ ಹೆಲ್ಮೆಟ್ಟುಗಳಲ್ಲಿ ಹಲವು ಬರೀ ತೆಳು ಚಿಪ್ಪುಗಳಾಗಿದ್ದವು. ಗಾಳಿ ಸೀಳುತ್ತಿದ್ದವು, ತಲೆ ಕಾಯುತ್ತಿರಲಿಲ್ಲ. 2003ರ ಮಾರ್ಚ್‌ನಲ್ಲಿ ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ ಹೆಲ್ಮೆಟ್ ಇಲ್ಲದೆ ಬಿದ್ದ ಕಜಾಕಸ್ತಾನದ ಆಂದ್ರೇ ಕಿವಿಲೆವ್ ತೀರಿಕೊಂಡ ಮೇಲೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಹೆಲ್ಮೆಟ್ ಕಡ್ಡಾಯ ಮಾಡಿತು.

ಒಳಭಾಗ ತೋರಿಸಲು ಮೊಬೈಲ್ ಟಾರ್ಚ್ ಹಿಡಿದು ಮೆತ್ತೆ ಸರಿಸಿದಾಗ ಮುಂದಿನ ಸಾಲಿನ ಹುಡುಗಿ ಕೇಳಿದಳು: “ಮೇಡಂ, ಇಲ್ಲೊಂದು ಗೆರಿ ಐತಿ ನೋಡ್ರಿ.” ಅದು ಕೂದಲೆಳೆಯಷ್ಟು ಸಣ್ಣ ಬಿರುಕು. ಹೊರಚಿಪ್ಪಿನಲ್ಲಿ ಏನೂ ಕಾಣುತ್ತಿರಲಿಲ್ಲ. ಹಿಂದಿನಿಂದ ಮತ್ತೊಬ್ಬ, “ಒಡದು ಹೋದ್ರ ಅದೆಂಥ ಹೆಲ್ಮೆಟ್ರಿ ಮೇಡಂ? ಗಟ್ಟಿ ಇರಬೇಕಲ್ಲ?” ಎಂದ. ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗ ಇರಲಿಲ್ಲ.

ಯೋಜನೆ ಬದಿಗಿಟ್ಟು ಕರಿಹಲಗೆಯ ಮೇಲೆ ಲೆಕ್ಕ ಹಾಕಿದೆವು. ತಲೆ 1.5 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ 5.42 ಮೀಟರ್, ಯುರೋಪಿನ ಇಎನ್ 1078 ಮಾನಕದ ಪರೀಕ್ಷೆಯೂ ಸಮತಟ್ಟು ಮೇಲ್ಮೈಗೆ ಇದೇ ವೇಗ ಬಳಸುತ್ತದೆ, ಕೃತಕ ತಲೆಯ ಮೇಲೆ 250 ಜಿ ಮೀರಬಾರದು ಎನ್ನುತ್ತದೆ. ಸರಾಸರಿ ‘ಜಿ’ ಕಂಡುಹಿಡಿಯಲು ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ ಸಾಕು. ಬರಿದಲೆ 2 ಮಿ.ಮೀ.ನಲ್ಲಿ ನಿಂತರೆ 1500ನ್ನು 2ರಿಂದ ಭಾಗಿಸಿ 750 ಜಿ. ಒಳಗಿನ ಥರ್ಮಾಕೋಲ್ 20 ಮಿ.ಮೀ. ಜಜ್ಜಿಹೋದರೆ 75 ಜಿ. ಕ್ರಿಕೆಟ್ ಆಟಗಾರ ಚೆಂಡು ಹಿಡಿಯುವಾಗ ಕೈ ಹಿಂದೆಳೆಯುವಂತೆ ಇದು. ಥರ್ಮಾಕೋಲ್ ತಾನು ಜಜ್ಜಿಹೋಗಿ, ಒಡೆದು ಶಕ್ತಿ ಹೀರುತ್ತದೆ, ಮತ್ತೆ ಮೊದಲಿನಂತೆ ಉಬ್ಬುವುದಿಲ್ಲ. ಕಲ್ಲಿನಷ್ಟು ಗಟ್ಟಿ ಹೆಲ್ಮೆಟ್ ತಾನು ಉಳಿದು ಪೆಟ್ಟನ್ನು ತಲೆಗೆ ದಾಟಿಸುತ್ತದೆ.

ಹಾಗಾಗಿ ಇದರ ಬಾಳಿಕೆಯನ್ನು ಬೂಟು, ಟೈರುಗಳ ಬಾಳಿಕೆಯಂತೆ ಅಳೆಯಲಾಗದು. ಒಂದು ಜೋರು ಪೆಟ್ಟು ಬಿದ್ದರೆ ಅದರ ಆಯುಷ್ಯ ಮುಗಿಯಿತು. ಪೆಟ್ಟು ಬೀಳದಿದ್ದರೂ ಬಿಸಿಲು, ಬೆವರು, ಪೆಟ್ರೋಲ್‌ನಂಥ ದ್ರಾವಕಗಳು ಅದನ್ನು ಕೆಡಿಸುತ್ತವೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಸಲಹೆ 5ರಿಂದ 10 ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು. ಟೈಮ್ ಟ್ರಯಲ್ ಹೆಲ್ಮೆಟ್ಟು ದುಬಾರಿ, ಬಳಕೆ ವರ್ಷಕ್ಕೆ ಕೆಲವೇ ದಿನ. ಅದಕ್ಕೇ ಅದು ಕೈಯಿಂದ ಕೈಗೆ ಹೋಗುತ್ತದೆ. ಯಾವ ಕೈಯಲ್ಲಿದ್ದಾಗ ಬಿತ್ತು ಎಂದು ಯಾರೂ ಬರೆದಿಡುವುದಿಲ್ಲ.

ಸಂಜೆ ಹುಡುಗನಿಗೆ ಫೋನ್ ಮಾಡಿದೆ. ಹದಿನೈದು ದಿನದಲ್ಲಿ ಅವನ ಸ್ಪರ್ಧೆ ಇತ್ತು. ಬಹಳ ಹೊತ್ತು ಸುಮ್ಮನಿದ್ದು, “ಅಕ್ಕಾ, ಸಾದಾ ಹೆಲ್ಮೆಟ್ ಹಾಕ್ಕೊಂಡು ಓಡ್ತೀನಿ, ಅದನ್ನ ನೀನೇ ಇಟ್ಕೋ” ಎಂದ. ಅರ್ಧಕ್ಕೆ ಕೊಯ್ದ ಆ ಹೆಲ್ಮೆಟ್ ಈಗ ನಮ್ಮ ಕಾಲೇಜಿನ ವಿಜ್ಞಾನ ಪ್ರಯೋಗಾಲಯದ ಕಪಾಟಿನಲ್ಲಿದೆ. ಘರ್ಷಣೆ ಅಥವಾ ಚಲನೆಯ ನಿಯಮಗಳ ಪಾಠಕ್ಕೆ ಬೇಕಾದ ಸಹಪಾಠಿಗಳು ಒಯ್ಯಬಹುದು. ಬಿರುಕಿರುವ ಅರ್ಧಕ್ಕೆ ಕೆಂಪು ದಾರ ಕಟ್ಟಿದ್ದೇನೆ.